ಓದುಗರು ಕೇಳ್ಯಾರ: ತಂಬಾಕಿನ ಕಂಪನಿ ಮುಚ್ಚಿದ್ರ ಇಷ್ಟ್ಯಾಕ ದುಃಖಾರೀ?

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ತಂಬಾಕಿನವೇ ಅದಾವ. ಬೆಳಗಾವಿ ಕ್ಯಾಂಪಿನಿಂದ ಒಬ್ರು ಬರೆದ್ರು, ಅವ್ರು ಹೇಳಿ ಗೋಕಾಕದವ್ರು ಬರೆದ್ರು, ನಿಪ್ಪಾಣಿಯವ್ರಂತೂ ಈ ವಿಷಯ ಬಂದ್ರ ಬಿಡೋ ಮಂದಿನ ಅಲ್ಲ. ಹಿಂಗಾಗಿ ಹೊಲದ ಪ್ರಶ್ನೆ, ಪಿಂಚಣಿ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ ದಾಟಿಸೀವಿ, ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ: ನಾನು ಫೌಜಿನಿಂದ ರಿಟೈರ್ ಆಗಿ ಇಲ್ಲೇ ಕ್ಯಾಂಪಿನ್ಯಾಗ ಮನಿ ಮಾಡೀನಿ. ನಾವು ನಾಕೈದು ಮಂದಿ ಪೈಪ್ ಸೇದೋರು ಸಂಜಿಮುಂದ ಕೂಡ್ತೀವಿ. ಅಮೆರಿಕಾದ ಮ್ಯಾಕ್‌ಕ್ಲೆಲಂಡ್ ಕಂಪನಿ ತಂಬಾಕು ಅಂದ್ರ ನಮಗ ಜೀವ, ಮಗ ರಜಾಕ್ಕ ಬರುವಾಗ ತರ್ತಿದ್ದ. ಕಂಪನಿ 2018ರಾಗನ ಮುಚ್ಚಿತು, ಕೂಡಿಟ್ಟ ಡಬ್ಬಿ ಒಂದೊಂದ ಮುಗೀತಾ ಬಂದು ಈಗ ಕಡೀದೂ ಖಾಲಿ. ಗಿರಾಕಿ ಇತ್ತು, ಹೆಸರಿತ್ತು, ಮತ್ತ ಯಾಕ ಮುಚ್ಚಿದ್ರು? ಮುಚ್ಚೋದಿತ್ತಂದ್ರ ಫಾರ್ಮುಲಾ ಯಾರಿಗರ ಮಾರಬಾರದಿತ್ತೇನ್ರಿ? ನಮ್ಮ ಮನಿಯವ್ರು, ತಂಬಾಕಿಗೂ ಸೂತಕ ಹಿಡೀತೀರೇನು ಅಂತ ನಗ್ತಾರ.
— ಹೆಸರು ಬ್ಯಾಡ, ಬೆಳಗಾವಿ ಕ್ಯಾಂಪ್

ಉತ್ತರ: ಸಾಹೇಬ್ರ, ನಗೋರು ನಗಲಿ ಬಿಡ್ರಿ. 1977ರಾಗ ಮಿಷಿಗನ್ ರಾಜ್ಯದ ಕಲಾಮಜೂ ಊರಾಗ ಚಾಲೂ ಆದ ಕಂಪನಿ ಅದು, ನಲವತ್ತು ವರ್ಷ ನಡೀತು. ದೊಡ್ಡ ಕಾರ್ಖಾನಿ ಏನಲ್ಲ, ಮೈಕ್ ಮತ್ತ ಮೇರಿ ಮ್ಯಾಕ್‌ನೀಲ್ ಅನ್ನೋ ಗಂಡ ಹೆಂಡ್ತಿ ನಡೆಸ್ಕೊಂಡು ಬಂದದ್ದು. ಗಿರಾಕಿ ಕಡಿಮಿ ಆಗಿ ಮುಚ್ಚಿದ್ದಲ್ಲ, ಅದನ್ನ ನೀವು ಸರಿಯಾಗೇ ಹಿಡದೀರಿ. ಅವ್ರಿಗೆ ಸಿಗಲಾರದಂಗ ಆಗಿದ್ದು ಎಲಿ. ಅವ್ರ ತಂಬಾಕಿನ ಜೀವಾಳ ಅಂದ್ರ ರೆಡ್ ವರ್ಜೀನಿಯಾ ಅನ್ನೋ ಕೆಂಪು ಎಲಿ, ಅದರಾಗೂ ಮ್ಯಾಲಿನ ದರ್ಜೆದ್ದು, ಅದು ವರ್ಷಾ ವರ್ಷಾ ಖಾತ್ರಿಯಿಂದ ಸಿಗೋದು ನಿಂತು ಹೋತು, ಸಿಕ್ಕದ್ದನ್ನ ತುಂಬಿ ಅದೇ ಹೆಸರಿನ್ಯಾಗ ಮಾರೋದಕ್ಕಿಂತ ಬಾಗಿಲಾ ಹಾಕೋದು ಛಲೋ ಅಂತ ಕುಂತ್ರು.

ಎಲಿ ಯಾಕ ಸಿಗಲಿಲ್ಲ ಅನ್ನೋದು ಅಂಗಡಿ ಕಥಿ ಅಲ್ರಿ, ಹೊಲದ ಕಥಿ, ಅದಕ್ಕ ಜರಾ ಉದ್ದ ಹೇಳ್ತೀನಿ. ವರ್ಜೀನಿಯಾ ಗಿಡದಾಗ ಎಲಿ ಕೆಳಗಿಂದ ಮ್ಯಾಲ ಹಣ್ಣಾಗ್ತಾ ಹೋಗ್ತೈತಿ, ಕೀಳೋದೂ ಹಂಗ, ಮೊದಲ ಬುಡದ್ದು, ಕೆಲವು ದಿನ ಬಿಟ್ಟು ಅದರ ಮ್ಯಾಲಿಂದು. ಕಿತ್ತ ಎಲಿನ ಕೋಲಿಗೆ ಕಟ್ಟಿ ಬ್ಯಾರನ್ ಅನ್ನೋ ಕೋಣ್ಯಾಗ ನೇತ್ ಹಾಕ್ತಾರ, ಹೊಗಿ ಎಲಿಗೆ ತಾಗಬಾರದು, ಬರೇ ಕಾವು ಹತ್ತಬೇಕು, ಹಂಗ ಐದಾರು ದಿನ ಹದ ನೋಡ್ಕೋತ ಕಾವು ಏರಿಸ್ತಾರ. ಮೊದಲ ಎಲಿ ಹಳದಿ ಆಗ್ತೈತಿ, ಒಳಗಿನ ಪಿಷ್ಟ ಸಕ್ಕರಿ ಆಗ್ತೈತಿ, ಆಮ್ಯಾಲ ಎಲಿ ಒಣಗ್ತೈತಿ, ಕಡೀಕ ನಡುವಿನ ದಂಟು. ಹೊರಗ ಬಂದಾಗ ಕೆಲವು ಲಿಂಬಿಹಣ್ಣಿನ ಬಣ್ಣ, ಕೆಲವು ಕಿತ್ತಳಿ, ಕೆಲವು ಕೆಂಪು. ಪೈಪಿನವ್ರಿಗೆ ಬೇಕಾದ ಆ ಕೆಂಪು ಬರಬೇಕಂದ್ರ ಎಲಿ ಗಿಡದಾಗನ ಪೂರ್ತಿ ಹಣ್ಣಾಗೋತನ ಬಿಡಬೇಕು. ಬಿಟ್ಟ್ರ ಏನಾಗ್ತೈತಿ? ಆಲಿಕಲ್ಲು ಮಳಿ ಬರಬಹುದು, ಗಾಳಿ ಬರಬಹುದು, ಎಲಿ ಹರಿದು ಹೋಗಬಹುದು, ಅಷ್ಟು ಧೈರ್ಯಾ ಮಾಡೋ ರೈತಗ ಅದಕ್ಕ ತಕ್ಕ ರೇಟ್ ಕೊಡೋರು ಬೇಕಲ್ಲ.

ಅಲ್ಲೇ ಕೆಟ್ಟಿದ್ದು. ಅಮೆರಿಕಾದಾಗ 1938ರಿಂದ ತಂಬಾಕಿಗೆ ಕೋಟಾ ಇತ್ತು, ಯಾರು ಎಷ್ಟು ಬೆಳೀಬೇಕು ಅಂತ ಸರ್ಕಾರನ ಹೇಳ್ತಿತ್ತು, ರೇಟಿಗೂ ಒಂದ್ ಆಸರ ಇತ್ತು. 2004ರಾಗ ಕಾನೂನು ಮಾಡಿ ಅದನ್ನ ತೆಗೆದು ರೈತರಿಗೆ ಪರಿಹಾರ ಕೊಟ್ಟು ಕೈ ತೊಳಕೊಂಡ್ರು. ಸಣ್ಣ ರೈತರು ಭಾಳ ಮಂದಿ ತಂಬಾಕು ಬಿಟ್ಟೇ ಬಿಟ್ರು. ಹರಾಜಿನ ಕಟ್ಟಿಗಳೂ ಖಾಲಿ ಆಗ್ತಾ ಹೋದ್ವು, ಯಾಕಂದ್ರ ಸಿಗರೇಟಿನ ದೊಡ್ಡ ಕಂಪನಿಗಳು ಸೀದಾ ಹೊಲಕ್ಕ ಹೋಗಿ ಕಾಂಟ್ರ್ಯಾಕ್ಟ್ ಮಾಡ್ಕೊಂಡು ಎತ್ತಾಕ ಶುರು ಮಾಡಿದ್ವು, ಅವ್ರಿಗೆ ಬೇಕಾದ್ದು ಲಾರಿಗಟ್ಟಲೆ ಒಂದೇ ನಮೂನಿ ಎಲಿ. ಮೊದಲಾದ್ರ ಪೈಪ್ ತಂಬಾಕಿನ ಸಣ್ಣ ಖರೀದಿದಾರ ಹರಾಜಿನ್ಯಾಗ ನಿಂತು, ಎಲಿ ಕೈಯಾಗ ಹಿಡದು, ಮೂಸಿ ನೋಡಿ, ಈ ರಾಶಿ ನನಗಿರ್ಲಿ ಅಂತಿದ್ದ. ಈಗ ರಾಶಿನ ಇಲ್ಲ, ಎಲ್ಲಾ ಕೂಡಿಸಿ ಕಟ್ಟಿದ ಬೇಲ್. ಪೈಪ್ ಮಂದಿ ವರ್ಷಕ್ಕ ಸೇದೋ ತಂಬಾಕು ಸಿಗರೇಟಿನ ಮುಂದ ಚಿಟಿಕಿ ಅಷ್ಟ, ಅವ್ರ ಮಾತು ಯಾವ ರೈತ ಕೇಳ್ಯಾನು?

ಸರ್ಕಾರದ ಕಾಯ್ದೆನ ಮುಚ್ಚಿಸ್ತು ಅನ್ನೋರೂ ಅದಾರ. 2016ರ ಆಗಸ್ಟ್ 8ರಿಂದ ಅಲ್ಲಿನ ಎಫ್‌ಡಿಎ, ಅಂದ್ರ ಆಹಾರ, ಔಷಧದ ಮ್ಯಾಲ ನಿಗಾ ಇಡೋ ಸರ್ಕಾರಿ ಇಲಾಖೆ, ಪೈಪ್ ತಂಬಾಕನ್ನೂ ತನ್ನ ಕೈಯಾಗ ತಗೊಂಡ್ತು, 2007ರ ಫೆಬ್ರುವರಿ 15ರ ನಂತರ ಪೇಟಿಗೆ ಬಂದ ಮಾಲಿಗೆ ಅನುಮತಿ ಬೇಕು ಅಂತ ರೂಲ್ ಆತು. ಕಾಗದಪತ್ರ, ವಕೀಲ್ರು, ಟೆಸ್ಟು, ಇವೆಲ್ಲಾ ದೊಡ್ಡ ಕಂಪನಿಗೆ ಒಂದ್ ಟೇಬಲ್ಲಿನ ಕೆಲಸ, ಗಂಡ ಹೆಂಡ್ತಿ ನಡೆಸೋ ಧಂದೆಕ್ಕ ಅದು ಹೊರಲಾರದ ಭಾರ, ಖರೆ. ಆದ್ರ ನನಗ ಅನಿಸೋದು ಏನಂದ್ರ, ಎಲಿ ಸಿಕ್ಕಿದ್ರ ಈ ಭಾರ ಹೊತ್ಕೊಂಡೂ ಇನ್ನ ಸ್ವಲ್ಪ ದೂರ ನಡೀತಿದ್ರು.

ಇನ್ನ ಫಾರ್ಮುಲಾ. ಮಾರಲಿಲ್ಲ, ಹೌದು, ಮುಚ್ಚುವಾಗ ಹೆಸರೂ ಕೊಡಲಿಲ್ಲ ಪಾಕಾನೂ ಕೊಡಲಿಲ್ಲ. ಭಾಳ ಮಂದಿಗೆ ಇದರ ಮ್ಯಾಲ ಸಿಟ್ಟು, ಎದಿ ಮ್ಯಾಲ ಹೊತ್ಕೊಂಡು ಹೋಗ್ತಾರೇನು ಅಂತ ಬೈದೋರೂ ಅದಾರ. ನಾನು ಮಾತ್ರ ಆ ಗಂಡ ಹೆಂಡ್ತಿ ಕಡೆ ರೀ. ಕುಂದಾದ ಪಾಕ ಬರಕೊಟ್ರೂ ಗಟ್ಟಿ ಹಾಲು ಸಿಗಲಾರದ ಊರಾಗ ಕುಂದಾ ಆಗ್ತೈತೇನ್ರಿ? ಅವ್ರ ಕಡೆ ಇದ್ದ ಗುಟ್ಟು ಅಂದ್ರ ಇಷ್ಟ ಗ್ರಾಂ ಇದು ಇಷ್ಟ ಗ್ರಾಂ ಅದು ಅನ್ನೋ ಚೀಟಿ ಅಲ್ಲ. ಯಾವ ಎಲಿ, ಎಷ್ಟ ವರ್ಷ ಗೋದಾಮಿನ್ಯಾಗ ಕುಂತದ್ದು, ಎಷ್ಟ ಒತ್ತಿದ್ದು, ಒತ್ತಿದ ಮ್ಯಾಲ ಎಷ್ಟ ದಿನ ಬಿಟ್ಟದ್ದು, ಅದು. ಕ್ರಿಸ್‌ಮಸ್ ಚಿಯರ್ ಅಂತ ವರ್ಷಕ್ಕೊಮ್ಮೆ ಒಂದ್ ಡಬ್ಬಿ ತರ್ತಿದ್ರಲ್ಲ, ಅದರಾಗ ಒಂದೇ ವರ್ಷದ ಪೀಕಿನ ಎಲಿ ಹಾಕಿ ಡಬ್ಬಿ ಮ್ಯಾಲ ಇಸವಿ ಬರೀತಿದ್ರು, ಸೇದೋರು ಈ ಇಸವಿದ್ದು ಛಲೋ ಆ ಇಸವಿದ್ದು ಸಪ್ಪಗ ಅಂತ ತಾಸುಗಟ್ಟಲೆ ವಾದಾ ಮಾಡ್ತಿದ್ರು. ಡಬ್ಬಿ ತೆಗೆದ ಕೂಡಲೇ ಮೂಗಿಗೆ ಬಡಿಯೋ ಸಿರ್ಕಾದಂಥ ಹುಳಿ ವಾಸನಿ ನಿಮಗ ಹೇಳೋದೇನೈತಿ, ಅಮೆರಿಕಾದವ್ರು ಅದನ್ನ ಕೆಚಪ್ ಅಂತ ನಗ್ತಾರ, ಮೊದಲ ಸಲ ತೆಗೆದೋರು ಮಾಲ ಕೆಟ್ಟೈತಿ ಅಂತ ವಾಪಸ್ ಕೊಡಾಕ ಹೋಗ್ತಿದ್ರು. ಕಪ್ಪಿ ಚಿತ್ರದ ಫ್ರಾಗ್ ಮಾರ್ಟನ್ ಡಬ್ಬಿನೂ ಇವ್ರದ್ದೇ, ಅದರಾಗ ಒಂದ್ ನಮೂನಿಗೆ ವಿಸ್ಕಿ ಪೀಪಾಯಿಯ ಕಟ್ಟಿಗಿ ತುಂಡ ಹಾಕಿ ಕೊಡ್ತಿದ್ರು. ಇದನ್ನೆಲ್ಲಾ ಬ್ಯಾರೇದವ್ರು ಮಾಡಿ ಕೊಟ್ರೂ ನೀವು ಸೇದಿ, ಇದು ಅದಲ್ಲ ಅಂತಿದ್ರಿ.

ಕಂಪನಿ ಮುಚ್ತದ ಅಂತ ಸುದ್ದಿ ಬಂದಾಗ ಅಲ್ಲಿ ಮಂದಿ ಅಂಗಡಿಗಳನ್ನ ಬಳದು ಖಾಲಿ ಮಾಡಿದ್ರು. ಹತ್ತು ಹದಿನೈದು ಡಾಲರಿನ ಡಬ್ಬಿ ಈಗ ಕೈಯಿಂದ ಕೈಗೆ ಹೋಗುವಾಗ ನೂರು ದಾಟ್ತೈತಿ. ಸೇದಾಕ ಕೂಡಿಟ್ಟೋರ ಮ್ಯಾಲ ನನಗ ಏನೂ ತಕರಾರಿಲ್ಲ, ಮಾರಾಕ ಕೂಡಿಟ್ಟೋರ ದುಃಖ ಮಾತ್ರ ನಾನು ನಂಬೋದಿಲ್ಲ.

ಪ್ರಶ್ನೆ: ಡನ್‌ಹಿಲ್ ತಂಬಾಕೂ ನಿಂತ್ ಹೋತಂತ ಕೇಳಿದ್ವಿ, ಅಮೆರಿಕಾದ ಸಟ್‌ಲಿಫ್ ಅನ್ನೋದೂ ಹೋತಂತ. ಎಲ್ಲಾದಕ್ಕೂ ಎಲಿನ ಕಾರಣ ಏನ್ರಿ?
— ಗೋಕಾಕ

ಉತ್ತರ: ಅಲ್ರಿ, ಇವೆರಡರದ್ದೂ ಬ್ಯಾರೆ ಬ್ಯಾರೆ ಹಣೇಬರಹ. ಆಲ್ಫ್ರೆಡ್ ಡನ್‌ಹಿಲ್ 1907ರಾಗ ಲಂಡನ್ನಿನ ಡ್ಯೂಕ್ ಸ್ಟ್ರೀಟಿನ್ಯಾಗ ಅಂಗಡಿ ತೆಗೆದ, ಗಿರಾಕಿ ಹೇಳಿದಂಗ ಎಲಿ ಕೂಡಿಸಿ ಕೊಡ್ತಿದ್ದ. ಆದ್ರ ಲಂಡನ್ನಿನ ಮಾಲು ಅಂತ ನಂಬಿ ಸೇದೋರಿಗೆ ಒಂದ್ ಮಾತು ಹೇಳ್ಲಿ? 1981ರಿಂದ ಅದು ಬೆಲ್‌ಫಾಸ್ಟಿನ ಮರ್ರೀಸ್ ಕಾರ್ಖಾನ್ಯಾಗ ತಯಾರಾಗ್ತಿತ್ತು, ಮುಂದ ಡೆನ್ಮಾರ್ಕಿಗೆ ಹೋತು. 2018ರಾಗ ಪೈಪ್ ತಂಬಾಕಿನ ಮ್ಯಾಲ ಡನ್‌ಹಿಲ್ ಹೆಸರು ಹಾಕೋದು ನಿಂತಿತು, ಆಮ್ಯಾಲ ಅವೇ ಅರ್ಲಿ ಮಾರ್ನಿಂಗ್ ಪೈಪ್, ನೈಟ್‌ಕ್ಯಾಪ್ ಎಲ್ಲಾ ಪೀಟರ್ಸನ್ ಅನ್ನೋ ಐರಿಷ್ ಪೈಪ್ ಕಂಪನಿ ಹೆಸರಿನ್ಯಾಗ ಬಂದ್ವು. ಡಬ್ಬಿ ಮ್ಯಾಲಿನ ಹೆಸರಷ್ಟ ಸತ್ತದ್ದು, ಒಳಗಿಂದು ನಡದೈತಿ. ಅದಕ್ಕೂ ಅತ್ತೋರು ಅದಾರ, ಹೊಸಾ ಡಬ್ಬಿ ಸೇದಿ ರುಚಿ ಬ್ಯಾರೆ ಅಂದೋರೂ ಅದಾರ, ಕಣ್ಣು ಕಟ್ಟಿ ಕೊಟ್ರ ಎಷ್ಟ ಮಂದಿ ಹೇಳ್ತಿದ್ರೋ ನೋಡಬೇಕಿತ್ತು.

ಸಟ್‌ಲಿಫ್ ಅಂದ್ರ 1849ರಾಗ ಬಂಗಾರ ಹುಡುಕೋ ಮಂದಿ ಸ್ಯಾನ್ ಫ್ರಾನ್ಸಿಸ್ಕೋಕ್ಕ ಓಡಿದಾಗ ಅವ್ರ ಬೆನ್ನಿಗೆ ತೆಗೆದ ಅಂಗಡಿ. 1906ರ ಭೂಕಂಪ, ಬೆಂಕಿ ಎರಡೂ ಕಂಡೈತಿ, ಆಮ್ಯಾಲ ವರ್ಜೀನಿಯಾದ ರಿಚ್ಮಂಡಿಗೆ ಹೋಗಿ ನೆಲಿ ಊರ್ತು. 2013ರಾಗ ಡೆನ್ಮಾರ್ಕಿನ ಮ್ಯಾಕ್ ಬ್ಯಾರನ್ ಅದನ್ನ ತಗೊಂಡ್ತು, 2024ರಾಗ ಮ್ಯಾಕ್ ಬ್ಯಾರನ್ನನ್ನ ಸ್ಕ್ಯಾಂಡಿನೇವಿಯನ್ ಟೊಬ್ಯಾಕೋ ಗ್ರೂಪ್ ತಗೊಂಡ್ತು, ಅದಾದ ಮ್ಯಾಲ ರಿಚ್ಮಂಡಿನ ಕಾರ್ಖಾನಿಗೆ ಬೀಗ. ದೊಡ್ಡವ್ರು ಸಣ್ಣವ್ರನ್ನ ತಗೊಂಡಾಗ ಎರಡ್ ಎರಡ್ ಕಾರ್ಖಾನಿ ಯಾಕ ಅಂತ ಲೆಕ್ಕಾ ಹಾಕ್ತಾರ, ನಮ್ಮ ಕಡೆ ಗಿರಣಿ, ಬ್ಯಾಂಕು ಎಲ್ಲಾದರಾಗೂ ನೋಡೀವಲ್ಲ. ಇಲ್ಲಿ ಎಲಿ ಇತ್ತು, ಕೆಲಸಗಾರ್ರಿದ್ರು, ಗಿರಾಕಿನೂ ಇದ್ರು. ನನ್ನ ಕೇಳಿದ್ರ ಹೆಚ್ಚು ಹೊಟ್ಟಿ ಉರೀಬೇಕಾದ್ದು ಇದಕ್ಕ.

ಪ್ರಶ್ನೆ: ನಾವು ಮೂರು ತಲಿಯಿಂದ ತಂಬಾಕಿನ ರೈತರು. ಕೆಂಪು ಎಲಿ ಸಿಗ್ಲಿಲ್ಲ ಅಂತ ಕಂಪನಿ ಮುಚ್ಚೋ ಬದಲಿ ನಮ್ಮ ನಿಪ್ಪಾಣಿ ತಂಬಾಕು ಒಯ್ಯಬಾರದಾಗಿತ್ತೇನ್ರಿ? ನಮ್ಮ ಮಾಲಿಗೂ ಅಂತಾ ರೇಟು ಬರ್ತಿತ್ತು. ಪೈಪಿಗೆ ನಮ್ಮ ಜರ್ದಾ ಹಾಕಿದ್ರ ನಡೀತದೋ ಇಲ್ಲೋ?
— ನಿಪ್ಪಾಣಿ ತಾಲೂಕು

ಉತ್ತರ: ಕಾಕಾ, ನಿಮ್ಮ ಎಲಿ ಬ್ಯಾರೆ ಜಾತಿ, ಅದರ ಮಾನ ಬ್ಯಾರೆ. ಎರಿ ಭೂಮ್ಯಾಗ ಬೆಳೆದು, ಕುಡಿ ಚಿವುಟಿ, ಕಂಕುಳ ಚಿಗುರು ತೆಗೆದು, ಎಲಿ ದಪ್ಪ ಆಗಿ ಮ್ಯಾಲ ಚುಕ್ಕಿ ಬಿದ್ದ ಮ್ಯಾಲ ಕೊಯ್ದು, ಹೊಲದಾಗನ ಬಿಸಲಿಗೆ ಹರವಿ ಒಣಗಿಸಿದ್ದು ಅದು. ಖಾರಾ ಜಾಸ್ತಿ, ನಿಕೋಟಿನ್ ಜಾಸ್ತಿ, ಸಕ್ಕರಿ ಇಲ್ಲ ಅನ್ನೋವಷ್ಟು ಕಡಿಮಿ. ಬೀಡಿಗೆ ಅದೇ ಬೇಕು, ಯಾಕಂದ್ರ ತೆಂಡು ಎಲಿ ಒಳಗ ಸುತ್ತೋದು ಚಿಟಿಕಿ ತಂಬಾಕು, ಅಷ್ಟರಾಗನ ಸೇದೋನ ಗಂಟ್ಲಿಗೆ ಹತ್ತಬೇಕು. ಪೈಪಿಗೆ ಹಾಕಿದ್ರ ಪುಡಿ ಜರ್ದಾ ತೂತಿನ್ಯಾಗ ಇಳದು ಬಾಯಿಗೆ ಬರ್ತೈತಿ, ಉಳಿದದ್ದು ಭಗ್ ಅಂತ ಉರದು ನಾಲಿಗಿ ಸುಡ್ತೈತಿ. ಪೈಪಿನ ತಂಬಾಕು ಸಾವಕಾಶ ಉರೀಬೇಕು, ಮುಕ್ಕಾಲು ತಾಸು ಒಂದ್ ತಾಸು ಹಿಡೀಬೇಕು, ಅದಕ್ಕ ಅವ್ರು ಎಲಿನ ಒತ್ತಿ ಹಲಗಿ ಮಾಡಿ ಚೂರು ಕೊಯ್ಯೋದು. ಹಿಂದಿನ ಕಾಲದಾಗ ನಮ್ಮ ಮುದುಕರು ಮಣ್ಣಿನ ಚಿಲುಮಿಗೆ ಇದನ್ನ ಹಾಕಿ ಎಳೀತಿದ್ರು ಅಂದ್ರ, ಅದು ಎರಡ್ ದಮ್ಮಿನ ಆಟ ಆಗಿತ್ತು.

ಹಂಗಾದ್ರ ಮೈಸೂರ ಕಡೆ ವರ್ಜೀನಿಯಾ ಐತೆಲ್ಲ ಅಂತ ಕೇಳ್ತೀರಿ, ಕೇಳ್ರಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಕೆಂಪು ಹಗುರ ಮಣ್ಣಿನ್ಯಾಗ ಬೆಳೀತಾರ, ಬ್ಯಾರನ್ನಿನ್ಯಾಗ ಕಾಸ್ತಾರ, ತಂಬಾಕು ಮಂಡಳಿ ಹರಾಜಿನ್ಯಾಗ ಮಾರ್ತಾರ, ಭಾಳಷ್ಟು ಹೊರದೇಶಕ್ಕ ಹೋಗ್ತೈತಿ. ಆದ್ರ ಆ ಎಲಿ ಹೆಸರಾಗಿದ್ದು ಮೆತ್ತಗ ಇರ್ತೈತಿ, ಯಾವುದರ ಜೋಡಿನೂ ಹೊಂದ್ಕೊಳ್ತೈತಿ ಅನ್ನೋದಕ್ಕ. ಸಿಗರೇಟಿನವ್ರು ಅದನ್ನ ತುಂಬಾಕ ತಗೋತಾರ. ಕ್ಯಾಂಪಿನ ಸಾಹೇಬ್ರು ಹುಡುಕ್ತಿರೋ ಆ ಸಿಹಿ ಹುಳಿ ಗಟ್ಟಿ ರುಚಿ ಅದರಾಗ ಸಿಗಂಗಿಲ್ಲ. ಮಣ್ಣು ಬದಲಾದ್ರ ಎಲಿ ಬದಲಾಗ್ತೈತಿ ಅನ್ನೋದು ನಿಮಗ ನಾ ಹೇಳಬೇಕೇನು.

ರೇಟಿನ ಮಾತು ತಗದ್ರಿ ಅಂತ ಹೇಳ್ತೀನಿ. 1981ರ ಏಪ್ರಿಲ್‌ನ್ಯಾಗ ನಿಪ್ಪಾಣಿಯೊಳಗ ತಂಬಾಕಿನ ರೈತರು ರೇಟಿನ ಸಲುವಾಗಿ ಹೈವೇ ಮ್ಯಾಲ ಕುಂತಾಗ ಗೋಲಿಬಾರ್ ಆಗಿ ರೈತರು ಸತ್ತದ್ದು ನಿಮ್ಮ ಮನ್ಯಾಗ ಯಾರೂ ಮರೆತಿರಾಕಿಲ್ಲ. ಶರದ್ ಜೋಶಿಯವ್ರ ಮುಂದಾಳತನ ಆಗ. ಅದರ ಒಂದ್ ವರ್ಷ ಮೊದಲ ವಖಾರ್‌ದಾಗ ತಂಬಾಕು ಕುಟ್ಟಿ ಜರಡಿ ಹಿಡಿಯೋ ಹೆಣ್ಣಮಕ್ಕಳು ಕೂಲಿ ಸಲುವಾಗಿ ಸಂಘಟನಿ ಮಾಡ್ಕೊಂಡು ಎದ್ದಿದ್ರು. ಅಮೆರಿಕಾದ ಡಬ್ಬಿ ಬಗ್ಗೆ ಬರಿಯೋ ಮಂದಿ ಕಂಪನಿ ಮಾಲಕರ ಹೆಸರು ಹೇಳ್ತಾರ, ಡಬ್ಬಿ ಚಿತ್ರಾ ಬರದೋರ ಹೆಸರೂ ಹೇಳ್ತಾರ, ಎಲಿ ಬೆಳೆದ ರೈತನ ಹೆಸರು ಒಬ್ರೂ ಹೇಳಿದ್ದು ನಾ ನೋಡಿಲ್ಲ. ವರ್ಜೀನಿಯಾ ಎಲಿನ ಹೆಚ್ಚಿನ ಕಾವಿನ್ಯಾಗ ಹಳದಿ ಮಾಡೋ ಪದ್ಧತಿ ಕೈಗೆ ಹತ್ತಿದ್ದೂ 1839ರಾಗ ನಾರ್ತ್ ಕ್ಯಾರೊಲಿನಾದ ಸ್ಲೇಡ್ ಅನ್ನೋರ ಹೊಲದಾಗ ದುಡೀತಿದ್ದ ಸ್ಟೀಫನ್ ಅನ್ನೋ ಗುಲಾಮನ ಕೈಯಿಂದ ಅಂತ ಹೇಳ್ತಾರ, ರಾತ್ರಿ ಬೆಂಕಿ ಕಾಯ್ತಾ ನಿದ್ದಿ ಹೋಗಿ, ಎದ್ದು ನೋಡಿದ್ರ ಬೆಂಕಿ ಆರ್ತಾ ಬಂದಿತ್ತು, ಗಾಬರಿ ಆಗಿ ಇದ್ದಿಲು ಹಾಕಿ ಕಾವು ಏರಿಸಿದ, ಎಲಿ ಬಂಗಾರದಂಗ ಹೊರಗ ಬಂತು. ರೊಕ್ಕಾ ಮಾತ್ರ ಸ್ಲೇಡ್‌ಗ ಬಂತು.

ಪ್ರಶ್ನೆ: ನಮ್ಮ ಸರ್ ಕ್ಲಾಸಿನ್ಯಾಗ, ಮೊಘಲ್ ದರ್ಬಾರಿಗೆ ತಂಬಾಕು ಹೋಗಿದ್ದು ನಮ್ಮ ವಿಜಯಪುರದಿಂದ ಅಂದ್ರು. ಖರೆ ಏನ್ರಿ, ಚಾಷ್ಟಿ ಏನ್ರಿ?
— ಬಿ.ಎ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಖರೆ ಐತಿ ತಂಗೀ, ನಿಮ್ಮ ಸರ್ ಛಲೋ ಓದ್ಯಾರ. ಅಸದ್ ಬೇಗ್ ಅಂತ ಅಕ್ಬರನ ಕಡೆ ಒಬ್ಬ ಅಧಿಕಾರಿ, 1604ರ ಸುಮಾರು ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ದರ್ಬಾರಿಗೆ ಬಂದಿದ್ದ, ರಾಜಕುಮಾರ ದಾನಿಯಾಲನ ಲಗ್ನದ ಕೆಲಸ. ಇಲ್ಲಿ ಪೇಟ್ಯಾಗ ತಂಬಾಕು ನೋಡ್ದ, ಹಿಂದೂಸ್ತಾನದಾಗ ಇಂಥಾದ್ದು ಎಲ್ಲೂ ನೋಡಿಲ್ಲ ಅಂತ ಅವನೇ ಬರಕೊಂಡಾನ. ಗೋವಾದಾಗ ಪೋರ್ಚುಗೀಸರು ಕುಂತಿದ್ರಲ್ಲ, ಅವ್ರ ಕಡಿಂದ ಘಟ್ಟ ಹತ್ತಿ ಬರಾಕ ದೂರ ಏನಿತ್ತು. ಹೋಗುವಾಗ ಒಯ್ದ, ಬರೇ ಎಲಿ ಒಯ್ಲಿಲ್ಲ, ರತ್ನ ಕೂಡಿಸಿದ ಉದ್ದನ ನಳಿಗಿ ಮಾಡಿಸ್ಕೊಂಡ, ನಳಿಗಿ ಸುಮಾತ್ರಾ ದ್ವೀಪದ ಅಚೇ ಅನ್ನೋ ಕಡೆಯಿಂದ ತರಿಸಿದ್ದು, ಬಾಯಿಗೆ ಹಚ್ಚೋ ತುದಿಗೆ ಯೆಮೆನ್‌ದ ಕೆಂಪು ಅಕೀಕ್ ಹರಳು, ಕೆಂಡ ಇಡಾಕ ಬಂಗಾರದ್ದು. ಆದಿಲ್‌ಶಾಹಿ ಕೊಟ್ಟ ಎಲಿ ಅಡಕಿ ಚೀಲದಾಗ ತಂಬಾಕು ತುಂಬಿ, ಬೆಳ್ಳಿ ತಟ್ಟಿಯೊಳಗಿಟ್ಟು ಅಕ್ಬರನ ಮುಂದ ತಂದ.

ಮುಂದಿಂದು ಭಾಳ ಮಜಾ ಐತಿ. ಅಕ್ಬರ ಸೇದಾಕ ಹೊಂಟ, ಹಕೀಮ ಓಡಿ ಬಂದು ಬ್ಯಾಡ ಬ್ಯಾಡ ಅಂದ. ಅಸದ್ ಬೇಗನ ಮನಸ್ಸು ಮುರೀಬಾರದು ಅಂತ ಅಕ್ಬರ ಎರಡ್ ಮೂರ್ ದಮ್ಮು ಎಳದೇ ಎಳದ. ಆಮ್ಯಾಲ ವಾದಾ ಬಿತ್ತು, ಹಕೀಮ ಹೇಳ್ತಾನ, ಇದರ ಗುಣ ನಮ್ಮ ಶಾಸ್ತ್ರದಾಗ ಬರದಿಲ್ಲ, ಗೊತ್ತಿಲ್ಲದ್ದನ್ನ ರಾಜಗ ಹೆಂಗ ಕೊಡೋದು. ಅಸದ್ ಬೇಗ ಹೇಳ್ತಾನ, ಫರಂಗಿಯವ್ರು ಶ್ಯಾಣ್ಯಾರು, ನೋಡದ ಹಚ್ಕೊಂಡಿರ್ತಾರೇನು. ಕಡೀಕ ಅಕ್ಬರ ಮತ್ತ ಮುಟ್ಟಲಿಲ್ಲ, ಆದ್ರ ದರ್ಬಾರಿನ ಸರದಾರ್ರು ಒಬ್ರ ಮ್ಯಾಲ ಒಬ್ರು ಹತ್ಕೊಂಡ್ರು, ವ್ಯಾಪಾರಿಗಳು ತರಾಕ ಶುರು ಮಾಡಿದ್ರು. 1617ರಾಗ ಜಹಾಂಗೀರ ಬಂದ್ ಮಾಡ್ರಿ ಅಂತ ಹುಕುಂ ಮಾಡಿದ, ಯಾರು ಕೇಳಿದ್ರು. ಆ ಹಕೀಮನ ಮಾತು ನಾಕನೂರು ವರ್ಷ ಆದ ಮ್ಯಾಲ ಡಾಕ್ಟರು ಹೇಳೋದ ಐತಿ ಅಂತ ಪರೀಕ್ಷಾದಾಗ ಬರದ್ರ ಮಾರ್ಕ್ಸ್ ಕೊಡ್ತಾರೋ ಏನೋ, ಬರದು ನೋಡು.

ಪ್ರಶ್ನೆ: ನಮ್ಮ ಮಾವನೋರು ತೀರಿಕೊಂಡು ವರ್ಷ ಆತು. ಅವ್ರ ಕಪಾಟಿನ್ಯಾಗ ಪೈಪು, ಒಡೀಲಾರದ ತಂಬಾಕಿನ ಡಬ್ಬಿ ಅದಾವ, ಅದರಾಗ ಆ ಮುಚ್ಚಿದ ಕಂಪನಿವೂ ಅದಾವಂತ. ನಮ್ಮ ಯಜಮಾನ್ರು ಮಾರೋಣ, ಲಕ್ಷ ಬರ್ತೈತಿ ಅಂತಾರ. ಇನ್ನೊಂದು, ಪೈಪಿನ ಹೊಗಿ ನುಂಗಂಗಿಲ್ಲ, ಅದಕ್ಕ ಏನೂ ಆಗಂಗಿಲ್ಲ ಅಂತ ಮಾವನೋರು ಹೇಳ್ತಿದ್ರು, ಈಗ ಇವ್ರೂ ಅದೇ ಮಾತು ಹೇಳ್ಕೋತ ಪೈಪ್ ಹಿಡದಾರ. ಏನ್ ಮಾಡ್ಲಿ?
— ಒಬ್ಬ ಸೊಸಿ, ಬಾಗಲಕೋಟಿ

ಉತ್ತರ: ಅಕ್ಕಾ, ಎರಡನೇದ್ದು ಮೊದಲ ಹೇಳ್ತೀನಿ. ಪೈಪ್ ಸೇದೋರು ಹೊಗಿ ಎದಿಗೆ ತಗೊಳ್ಳದಿದ್ರೂ ನಿಕೋಟಿನ್ ಬಾಯಿ ಒಳಗಿನ ಚರ್ಮದಿಂದನ ಮೈಗೆ ಇಳೀತೈತಿ. ತುಟಿ, ನಾಲಿಗಿ, ಗಂಟ್ಲು, ಶ್ವಾಸಕೋಶ ಎಲ್ಲಾ ಕಡೆ ಕ್ಯಾನ್ಸರಿನ ಅಪಾಯ ಐತಿ. 1795ರಷ್ಟು ಹಿಂದನ ಜರ್ಮನಿಯ ಸೋಮರಿಂಗ್ ಅನ್ನೋ ಡಾಕ್ಟರು ಪೈಪ್ ಸೇದೋರಿಗೆ ತುಟಿ ಕ್ಯಾನ್ಸರ್ ಜಾಸ್ತಿ ಆಗ್ತದ ಅಂತ ಬರದಿಟ್ಟಾರ. ಸಿಗರೇಟಿನಿಂದ ಪೈಪಿಗೆ ಹೊಳ್ಳಿದೋರಂತೂ ಚಟದಂಗ ಎದಿಗೇ ಎಳೀತಾರ, ಏನೂ ಲಾಭಿಲ್ಲ. ಬಿಡಬೇಕಂತ ಮನಸ್ಸಿದ್ರ ಸರ್ಕಾರದ್ದು 1800-11-2356 ಅಂತ ಪುಕಟ ನಂಬರ್ ಐತಿ, ಫೋನ್ ಹಚ್ಚಿ ಕೊಡ್ರಿ. ಅಪ್ಪನ ನೆನಪಿಗೆ ಅಂತ ಹಿಡದಿರಬಹುದು, ಅದಕ್ಕ ಬೈದ್ರ ಬಿಡೋದಿಲ್ಲ. ಪೈಪ್ ಒಂದ್ ಛಂದನ ತೊಳೆದು ಶೋಕೇಸಿನ್ಯಾಗ ಇಡ್ರಿ ಅನ್ರಿ, ತೊಳೆಯೋದಂದ್ರ ನೀರಾಗ ಮುಳುಗಸಬ್ಯಾಡ್ರಿ ಮತ್ತ, ಬ್ರಯರ್ ಅಂದ್ರ ಮೆಡಿಟರೇನಿಯನ್ ಕಡೆ ಗಿಡದ ಬೇರಿನ ಗಂಟು, ಕಟ್ಟಿಗಿ ಸೀಳ್ತೈತಿ. ಒಳಗ ಗಟ್ಟಿ ಆದ ಮಸಿ ಕೆರೆದು, ನಳಿಗ್ಯಾಗ ದಾರದ ಬ್ರಶ್ ಹಾಕಿ ಎಳೆದ್ರ ಸಾಕು.

ಡಬ್ಬಿ ಮಾರೋದು ಬ್ಯಾಡ. ನಮ್ಮ ದೇಶದಾಗ ತಂಬಾಕಿನ ಪ್ಯಾಕೆಟ್ ಮ್ಯಾಲ 85 ಪರ್ಸೆಂಟ್ ಜಾಗಾದಾಗ ಚಿತ್ರದ ಎಚ್ಚರಿಕಿ ಇರಬೇಕು, ಅದಿಲ್ಲದ ವಿದೇಶಿ ಡಬ್ಬಿ ಮಾರೋದು ಕಾಯ್ದೆ ಮುರಿದಂಗ. ಲಕ್ಷದ ಮಾತಂತೂ ಬಿಟ್ಟ ಬಿಡ್ರಿ, ಅಲ್ಲಿ ಡಾಲರಿನ್ಯಾಗ ಕೇಳೋ ರೇಟು ಇಲ್ಲಿ ಯಾರೂ ಕೊಡಂಗಿಲ್ಲ. ಮಾವನೋರ ಜೋಡಿ ಕುಂತು ಸೇದ್ತಿದ್ದ ಹಿರಿಯರು ಯಾರರ ಇದ್ರ ಅವ್ರಿಗೆ ಕೊಟ್ಟ ಬಿಡ್ರಿ. ಕೊಡೋಕ್ಕಿಂತ ಮೊದಲ ನೋಡ್ರಿ, ಡಬ್ಬಿ ಮುಚ್ಚಳಾ ಒಳಗ ಕುಸದಿದ್ರ ಗಾಳಿ ಹೋಗಿಲ್ಲ ಅಂತ, ಉಬ್ಬಿದ್ರೂ ಮುಚ್ಚಳಾ ಬಿಗಿ ಐತಿ ಅಂತನ, ಬುಡಕ್ಕ ತುಕ್ಕು ತೂತು ಬಿದ್ದಿದ್ರ ಒಳಗಿಂದು ಒಣಗಿ ಕಸ ಆಗಿರ್ತೈತಿ. ಬಾಗಲಕೋಟಿ ಬಿಸಲಿನ್ಯಾಗ ಅಟ್ಟದ ಮ್ಯಾಲ ಇಟ್ಟದ್ದಾದ್ರ ಆಸೆ ಕಡಿಮಿ ಇಟ್ಕೊಳ್ರಿ. ಒಡೆದ ಮ್ಯಾಲ ಎಲಿ ಮ್ಯಾಲ ಸಕ್ಕರಿ ಹರಳಿನಂಥ ಮಿಂಚು ಕಂಡ್ರ ಅದು ಹಳೇ ವರ್ಜೀನಿಯಾದ ಗುಣ, ಛಲೋನ. ಬೂದಿ ಬಣ್ಣದ ತುಪ್ಪಳಾ, ಮುಗ್ಗಲ ವಾಸನಿ ಬಂದ್ರ ಬೂಜು, ಎಸೀರಿ. ಲಟಾಕಿಯಾ ಅಂತ ಹೊಗಿ ಹಾಕಿ ಒಣಗಿಸಿದ ಎಲಿದ್ದು ಇದ್ರ ಡಬ್ಬಿ ತೆಗದ್ರ ಇಡೀ ಮನಿ ಸುಟ್ಟ ಕಟ್ಟಿಗಿ ವಾಸನಿ ಬರ್ತೈತಿ, ಅದು ಕೆಟ್ಟದ್ದಲ್ಲ, ಅದರ ಸ್ವಭಾವನ ಹಂಗ, ಮನಿ ಹೊರಗ ತೆಗೀರಿ.

ಪ್ರಶ್ನೆ: ಮ್ಯಾಕ್‌ಕ್ಲೆಲಂಡ್ ಬದಲಿ ಏನ್ ಸೇದಬಹುದು?
— ಇವ್ರೂ ಕ್ಯಾಂಪಿನವ್ರೇ, ಸಾಹೇಬ್ರ ದೋಸ್ತರಿರಬೇಕು

ಉತ್ತರ: ಏನೂ ಸೇದಬ್ಯಾಡ್ರಿ ಅಂದ್ರ ಕೇಳೋರಲ್ಲ ನೀವು. ಇಂಗ್ಲೆಂಡಿನ ಕೆಂಡಲ್ ಊರಾಗ 1792ರಿಂದ ನಡದ ತಂಬಾಕಿನ ಕೆಲಸ ಐತಿ, ಗಾವಿತ್ ಮನಿತನದ ಹೆಸರಿನ್ಯಾಗ, ಅವ್ರ ವರ್ಜೀನಿಯಾ ಹಲಗಿ ತಂಬಾಕು ಸೇದೋ ಮಂದಿ ಅದಾರ. ರುಚಿ ಅದೇ ಇರಂಗಿಲ್ಲ. ಅದೇ ಬೇಕಂತ ಹುಡುಕ್ತಾ ಹೋದ್ರ ರೊಕ್ಕಾನೂ ಹೋಗ್ತೈತಿ, ಇದ್ದದ್ದರ ರುಚಿನೂ ಹತ್ತಂಗಿಲ್ಲ.

ಪ್ರಶ್ನೆ: ನನ್ನ ಅಳಿಯಾ ದುಬೈದಿಂದ ಬರ್ತಾನ, ಎಷ್ಟ ತಂಬಾಕು ತರಬಹುದು? ನನ್ನ ಮೊಮ್ಮಗ ಹತ್ತೊಂಬತ್ತರಾಂವ, ಅವನ ಕೈಯಾಗ ತರಿಸಿದ್ರ ನಡೀತದ ಏನು?
— ಅಥಣಿ

ಉತ್ತರ: ಸುಂಕ ಇಲ್ದ ಒಬ್ಬರಿಗೆ 125 ಗ್ರಾಂ. ಐವತ್ತ ಗ್ರಾಮಿನ ಡಬ್ಬಿ ಎರಡು ಬರ್ತಾವ, ಮೂರನೇದಕ್ಕ ರೊಕ್ಕಾ ಕಟ್ಟಬೇಕು, ಕಟ್ಟದ ಮುಚ್ಚಿ ತಂದು ಸಿಕ್ಕಿಬಿದ್ರ ಅಳಿಯಾ ನಿಮ್ಮ ಹೆಸರು ಹೇಳ್ತಾನ. ಮೊಮ್ಮಗನ್ನ ಇದರಾಗ ತರಬ್ಯಾಡ್ರಿ ಅಜ್ಜಾರ, ಕರ್ನಾಟಕದಾಗ ಈಗ 21 ತುಂಬದವ್ರಿಗೆ ತಂಬಾಕು ಮಾರೋದ ಅಪರಾಧ, ಸಾರ್ವಜನಿಕ ಜಾಗಾದಾಗ ಸೇದಿದ್ರ ಸಾವಿರ ರೂಪಾಯಿ ತನ ದಂಡ. ಬಸ್ ಸ್ಟ್ಯಾಂಡ್ ಕಟ್ಟಿ ಮ್ಯಾಲ ಕುಂತು ಪೈಪ್ ಹಚ್ಚೋ ಸ್ಟೈಲ್ ಬ್ಯಾಡ್ರಿ.